ಹೂಳಿನ ಹೆಸರಲ್ಲಿ ಮರಳು: ನಾಥಸಾಗರದ ತಳದ ಲೆಕ್ಕ

ಜಲಾಶಯದ ಹೂಳು ತೆಗೆಸಲು ಸರ್ಕಾರ ಕೈಯಿಂದ ಒಂದು ಪೈಸೆಯನ್ನೂ ಹಾಕಬೇಕಿಲ್ಲ. ಹೂಳಿನ ಜೊತೆ ಸಿಗುವ ಮರಳನ್ನು ಗುತ್ತಿಗೆದಾರ ಮಾರಿಕೊಳ್ಳಲಿ, ಮಿಕ್ಕ ಮಣ್ಣನ್ನು ರೈತರು ಹೊಲಕ್ಕೆ ಹೊಡೆಸಿಕೊಳ್ಳಲಿ, ಬರಡು ಬಿದ್ದ ಜಮೀನು ಹಸನಾಗಲಿ, ಜಲಾಶಯದಲ್ಲಿ ಇನ್ನಷ್ಟು ನೀರು ನಿಲ್ಲಲಿ. ಕೇಳಿದವರೆಲ್ಲ ತಲೆದೂಗುವಂಥ ಸೂತ್ರ ಇದು. ಕೆಲವು ವರ್ಷಗಳ ಹಿಂದೆ ಮಹಾರಾಷ್ಟ್ರ ಸರ್ಕಾರ ಈ ಸೂತ್ರವನ್ನು ಪ್ರಯೋಗಿಸಿ ನೋಡಲು ಐದು ದೊಡ್ಡ ಅಣೆಕಟ್ಟೆಗಳನ್ನು ಆರಿಸಿತು. ಅವುಗಳಲ್ಲಿ ಒಂದು ನಾಸಿಕ್ ಜಿಲ್ಲೆಯ ಗಿರಣಾ, ಇನ್ನೊಂದು ಛತ್ರಪತಿ ಸಂಭಾಜಿನಗರ ಜಿಲ್ಲೆಯ, ಅಂದರೆ ಹಳೆಯ ಔರಂಗಾಬಾದಿನ ಜಾಯಕವಾಡಿ. ಉಳಿದವು ಉಜನಿ, ಮುಳಾ ಮತ್ತು ಗೋಸೀಖುರ್ದ್. ಆಮೇಲೆ ಸರ್ಕಾರಗಳು ಬದಲಾದವು, ಮಂತ್ರಿಗಳು ಬದಲಾದರು. ದೊಡ್ಡ ಜಲಾಶಯಗಳ ಹೂಳೆತ್ತುವ ಮಾತು ಮಾತ್ರ ಬೇಸಿಗೆ ಬಂದಾಗಲೆಲ್ಲ ಮತ್ತೆ ಏಳುತ್ತಲೇ ಇದೆ.

ಇವುಗಳಲ್ಲಿ ಜಾಯಕವಾಡಿಯದು ತುಸು ಸಿಕ್ಕಿನ ಕಥೆ. ಅಲ್ಲಿನ ನೀರು 1986ರಿಂದ ಪಕ್ಷಿಧಾಮವೂ ಹೌದು. ಹಾಗಾಗಿ ಪರಿಸರದವರು ಬೇಡ ಎನ್ನುತ್ತಾರೆ, ನೀರಿಲ್ಲದ ಮರಾಠವಾಡದ ಜನ ಬೇಕು ಎನ್ನುತ್ತಾರೆ. ಹಕ್ಕಿ ಮುಖ್ಯವೋ ಕುಡಿಯುವ ನೀರು ಮುಖ್ಯವೋ ಎಂಬಲ್ಲಿಗೆ ಜಗಳ ಬಂದು ನಿಲ್ಲುತ್ತದೆ. ಆದರೆ ಈ ಜಗಳದಲ್ಲಿ ಇಬ್ಬರೂ ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಮರಳು ಜಲಾಶಯದ ಯಾವ ಭಾಗದಲ್ಲಿ ಬೀಳುತ್ತದೆ, ಹೂಳು ಯಾವ ಭಾಗದಲ್ಲಿ ಕೂರುತ್ತದೆ? ಎರಡೂ ಒಂದೇ ಜಾಗದಲ್ಲಿ ಇರುವುದಿಲ್ಲ. ಇಡೀ ಯೋಜನೆಯ ಗಂಟು ಇರುವುದು ಇಲ್ಲೇ.

ಹತ್ತು ಕಿಲೊಮೀಟರ್ ಮಣ್ಣಿನ ಏರಿ

ಕವಿರಾಜಮಾರ್ಗ ಕನ್ನಡ ನಾಡಿಗೆ ಬಡಗಣ ಎಲ್ಲೆಯಾಗಿ ಹೇಳಿದ್ದು ಗೋದಾವರಿಯನ್ನು. ರಾಷ್ಟ್ರಕೂಟರ ಕಾಲದ ಎಲ್ಲೋರದ ಕೈಲಾಸ ದೇಗುಲ ಇರುವುದೂ ಇದೇ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ. ಎಲ್ಲೋರ ನೋಡಲು ಹೋಗುವ ನಮ್ಮವರಲ್ಲಿ ನಗರದಿಂದ ಸುಮಾರು 50 ಕಿ.ಮೀ. ದಕ್ಷಿಣಕ್ಕಿರುವ ಪೈಠಣದ ಕಡೆ ತಿರುಗುವವರು ಕಡಿಮೆ. ಶಾತವಾಹನರ ಪ್ರತಿಷ್ಠಾನ ಅದೇ. ಸಂತ ಏಕನಾಥರ ಊರು ಅದೇ. ಪೈಠಣಿ ಸೀರೆಗೆ ಹೆಸರು ಬಂದದ್ದೂ ಅಲ್ಲಿಂದಲೇ.

ಈ ಊರಿನ ನೆತ್ತಿಯ ಮೇಲೆ ಜಾಯಕವಾಡಿ ಅಣೆಕಟ್ಟೆ ಇದೆ. 1965ರ ಅಕ್ಟೋಬರ್ 18ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು, 1976ರ ಫೆಬ್ರವರಿ 24ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು. ಸುಮಾರು 10 ಕಿ.ಮೀ. ಉದ್ದದ ಮಣ್ಣಿನ ಏರಿ, 27 ಗೇಟುಗಳು. ಏರಿಯ ಕೆಳಗೆ ನಮ್ಮ ಬೃಂದಾವನದ ಮಾದರಿಯಲ್ಲೇ ಮಾಡಿದ ಜ್ಞಾನೇಶ್ವರ ಉದ್ಯಾನ. ಹಿನ್ನೀರಿಗೆ ಏಕನಾಥರ ನೆನಪಿನಲ್ಲಿ ನಾಥಸಾಗರ ಎಂದು ಹೆಸರು. ಒಟ್ಟು ಸಾಮರ್ಥ್ಯ 102 ಟಿಎಂಸಿಗೂ ಸ್ವಲ್ಪ ಹೆಚ್ಚು, ಅಂದರೆ ಕನ್ನಂಬಾಡಿಯ ಎರಡರಷ್ಟು. ಅದರಲ್ಲಿ ಬಳಕೆಗೆ ಸಿಗುವುದು 76 ಟಿಎಂಸಿ ಚಿಲ್ಲರೆ, ಉಳಿದ 26 ಟಿಎಂಸಿ ತಳದ ಡೆಡ್ ಸ್ಟೋರೇಜ್.

ಜಲಾಶಯ ತುಂಬಿದಾಗ ನೀರು ಹರಡುವುದು ಸುಮಾರು 350 ಚದರ ಕಿ.ಮೀ. ಈ ವಿಸ್ತಾರಕ್ಕೆ ಒಟ್ಟು ನೀರನ್ನು ಹಂಚಿದರೆ ಸರಾಸರಿ ಆಳ ಬರೀ 8 ಮೀಟರ್ ಆಸುಪಾಸು. ಬೆಟ್ಟಗಳ ಕಣಿವೆಗೆ ಅಡ್ಡ ಕಟ್ಟಿದ ಅಣೆಕಟ್ಟೆಯಲ್ಲ ಇದು. ದಖ್ಖನ್ನಿನ ಬಯಲಿನಲ್ಲಿ ಒಂದು ಅಗಲವಾದ ತಟ್ಟೆಯ ಹಾಗೆ ನೀರು ನಿಂತಿದೆ. ಅಂಚಿನಲ್ಲಿ ನೀರು ಒಂದು ಅಡಿ ಇಳಿದರೂ ಎಕರೆಗಟ್ಟಲೆ ನೆಲ ಬಯಲಾಗುತ್ತದೆ. ಹಾಗೆ ಬಯಲಾದ ಹಸಿ ನೆಲವೇ ನಾಥಸಾಗರದ ಜೀವಾಳ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತು, ಕೆಸರಿನಲ್ಲಿ ಕೊಕ್ಕು ಆಡಿಸಿ ಹುಳು ಹೆಕ್ಕುವ ಗೊರವಗಳು, ಮೊಣಕಾಲು ನೀರಿನಲ್ಲಿ ತಲೆ ಕೆಳಗು ಮಾಡಿ ಮೇಯುವ ರಾಜಹಂಸಗಳು, ಚಮಚಕೊಕ್ಕುಗಳು, ಇವೆಲ್ಲ ಇಳಿಯುವುದು ಆ ಅಂಚಿಗೆ. ಆಳದ ನೀರು ಇವುಗಳಿಗೆ ಉಪಯೋಗಕ್ಕಿಲ್ಲ.

ಹಕ್ಕಿಗಳ ಜೊತೆ ಅದೇ ನೆಲಕ್ಕೆ ಮನುಷ್ಯರೂ ಇಳಿಯುತ್ತಾರೆ. ನೀರು ಹಿಂದೆ ಸರಿದಂತೆ ಹದವಾದ ಮಣ್ಣಿನಲ್ಲಿ ಗೋಧಿ, ಕಡಲೆ ಬಿತ್ತುವುದಕ್ಕೆ ಅಲ್ಲಿ ಗಾಳಪೇರ್ ಎನ್ನುತ್ತಾರೆ. ಅಣೆಕಟ್ಟೆಗೆ ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು. ಹಾಗೆ ಜಮೀನು ಕಳೆದುಕೊಂಡ ಕುಟುಂಬಗಳಿಗೆ ಈ ನಾಲ್ಕು ತಿಂಗಳ ಬೇಸಾಯವೇ ಆಸರೆ. ಕಹಾರ್ ಮತ್ತು ಭೋಯಿ ಸಮುದಾಯದ ಮೀನುಗಾರರೂ ಇದೇ ನೀರನ್ನು ನಂಬಿದ್ದಾರೆ.

ಹಣ ಒಂದು ಕಡೆ, ಹೂಳು ಇನ್ನೊಂದು ಕಡೆ

ಹೊಳೆಯ ನೀರು ಜೋರಾಗಿ ಹರಿಯುವಷ್ಟು ಹೊತ್ತು ಮರಳನ್ನೂ ಮಣ್ಣನ್ನೂ ಒಟ್ಟಿಗೆ ಹೊತ್ತು ತರುತ್ತದೆ. ಜಲಾಶಯದ ನಿಂತ ನೀರು ಸಿಕ್ಕ ಕೂಡಲೇ ಅದರ ಓಟ ಕುಗ್ಗುತ್ತದೆ. ಭಾರವಾದ ಮರಳು ಅಲ್ಲೇ, ಬಾಗಿಲಲ್ಲೇ ಬಿದ್ದುಬಿಡುತ್ತದೆ. ಹಗುರವಾದ ಜೇಡಿ ಮಾತ್ರ ತೇಲಿಕೊಂಡು ಮುಂದೆ ಸಾಗಿ, ಏರಿಯ ಹತ್ತಿರದ ಆಳದಲ್ಲಿ, ಹಳೆಯ ಹೊಳೆಯ ಪಾತ್ರದಲ್ಲಿ ನಿಧಾನಕ್ಕೆ ಕೂರುತ್ತದೆ. ಜಗತ್ತಿನ ಯಾವ ಜಲಾಶಯಕ್ಕೆ ಹೋದರೂ ಇದೇ ಲೆಕ್ಕ.

ಗೋದಾವರಿಯ ವಿಷಯದಲ್ಲಿ ಇನ್ನೊಂದು ಮಾತಿದೆ. ಇಲ್ಲಿಯ ಜಲಾನಯನವೆಲ್ಲ ದಖ್ಖನ್ನಿನ ಬಸಾಲ್ಟ್ ಶಿಲೆ. ಗ್ರಾನೈಟ್ ಸವೆದರೆ ಬಿಳಿ ಮರಳು ಧಾರಾಳವಾಗಿ ಉದುರುತ್ತದೆ, ಬಸಾಲ್ಟ್ ಸವೆದರೆ ಉಳಿಯುವುದು ಬಹುಪಾಲು ಕರಿ ಜೇಡಿ. ಅಂದರೆ ಈ ಜಲಾಶಯಕ್ಕೆ ಬರುವುದರಲ್ಲಿ ಮಾರಾಟಕ್ಕೆ ಒದಗುವ ಮರಳಿನ ಪಾಲು ಕಡಿಮೆ. ಆ ಕಡಿಮೆ ಪಾಲೂ ಹಿನ್ನೀರಿನ ತಲೆಯ ಕಡೆಗೇ ಗುಡ್ಡೆಬಿದ್ದಿರುತ್ತದೆ.

ಗುತ್ತಿಗೆದಾರ ಯಂತ್ರ ಇಳಿಸುವುದು ಎಲ್ಲಿ? ಅವನ ಆದಾಯ ಮರಳಿನಿಂದ ಬರಬೇಕಾದರೆ ಮರಳು ಇರುವಲ್ಲೇ. ಜಲಾಶಯವನ್ನು ನಿಜವಾಗಿ ತಿನ್ನುತ್ತಿರುವ ಜೇಡಿ ಏರಿಯ ಬಳಿ ನೀರಿನಡಿಯಲ್ಲಿದೆ. ಅದನ್ನು ತೆಗೆಯಲು ಡ್ರೆಜರ್ ಬೇಕು, ತೆಗೆದದ್ದಕ್ಕೆ ಗಿರಾಕಿ ಇಲ್ಲ. ಹಿನ್ನೀರಿನ ತಲೆಯಲ್ಲಿ ಬೇಸಿಗೆಗೆ ನೀರೇ ಇರುವುದಿಲ್ಲ. ಜೆಸಿಬಿ ಇಳಿಸಿ ಟಿಪ್ಪರ್ ನಿಲ್ಲಿಸಿದರೆ ಸಾಕು. ಹೀಗೆ ಸೂತ್ರ ಹೆಸರಿಗೆ ಹೂಳೆತ್ತುವುದಾದರೂ ಅದರೊಳಗಿನ ಲಾಭದ ಲೆಕ್ಕ ಯಂತ್ರವನ್ನು ಎಳೆದೊಯ್ಯುವುದು ಗೋದಾವರಿ ಮತ್ತು ಪ್ರವರಾ ಸೇರುವ ಕಾಯಗಾಂವ್ ಟೋಕಾದಂಥ ಜಾಗಗಳ ಕಡೆಗೆ. ಹಕ್ಕಿ ನೋಡುವವರು ದುರ್ಬೀನು ಹಿಡಿದು ಬರುವುದೂ ಅಲ್ಲಿಗೇ.

ಅಲ್ಲಿ ತೋಡಿದ ಗುಂಡಿಯಿಂದ ನೀರಿನ ಸಂಗ್ರಹ ಹೆಚ್ಚುವುದಿಲ್ಲವೇ ಎಂದರೆ ಹೆಚ್ಚುತ್ತದೆ, ಆದರೆ ಮುಂದಿನ ಮಹಾಪೂರದವರೆಗೆ. ಹೊಸ ಮರಳು ಮೊದಲು ಬಂದು ಬೀಳುವುದೇ ಆ ಗುಂಡಿಗೆ. ಗುಂಡಿ ಆಳವಾದರೆ ಅದರ ಮೇಲ್ಭಾಗದಲ್ಲಿ ಹೊಳೆಯ ತಳವೂ ಕೊರೆದುಕೊಂಡು ಹಿಂದೆ ಹಿಂದೆ ಸರಿಯುತ್ತದೆ. ದಂಡೆ ಕುಸಿಯುತ್ತದೆ, ಸೇತುವೆಯ ಕಂಬದ ಬುಡ ತೆರೆದುಕೊಳ್ಳುತ್ತದೆ.

ಇನ್ನು ಪ್ರಮಾಣದ ಲೆಕ್ಕ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಟಿಪ್ಪರಿಗೆ 10 ಘನ ಮೀಟರಿನಂತೆ ಹಿಡಿದರೆ 28 ಲಕ್ಷ ಲೋಡು. ದಿನಕ್ಕೆ ಸಾವಿರ ಲೋಡು, ವರ್ಷಕ್ಕೆ ಬೇಸಿಗೆಯ 150 ದಿನ ಸಾಗಿಸಿದರೂ ಒಂದೇ ಒಂದು ಟಿಎಂಸಿ ಖಾಲಿ ಮಾಡಲು ಸುಮಾರು 19 ವರ್ಷ ಬೇಕು. ಅಷ್ಟರೊಳಗೆ ಮೇಲಿನಿಂದ ಬರುವ ಹೂಳು ಸುಮ್ಮನಿರುವುದಿಲ್ಲ.

ಚಳಿಗಾಲವೂ ಬೇಡ, ಬೇಸಿಗೆಯೂ ಬೇಡ

ಹಕ್ಕಿಗಳ ಗೊಂದಲ ತಪ್ಪಿಸಲು ವಲಸೆಯ ಕಾಲ ಬಿಟ್ಟು ಕೆಲಸ ಮಾಡೋಣ ಎಂಬ ಉತ್ತರ ಸಾಮಾನ್ಯವಾಗಿ ಸಿದ್ಧವಿರುತ್ತದೆ. ನವೆಂಬರಿನಿಂದ ಮಾರ್ಚಿನವರೆಗೆ ಯಂತ್ರ ನಿಲ್ಲಿಸಿ, ನೀರು ತಳ ಕಂಡಾಗ ಏಪ್ರಿಲ್, ಮೇ ತಿಂಗಳಲ್ಲಿ ತೋಡುವುದು. ಕಾಗದದ ಮೇಲೆ ಇದು ಸರಿಯಾಗಿದೆ.

ಆದರೆ ವಲಸೆ ಹಕ್ಕಿ ಹೊರಟುಹೋದ ಮೇಲೆ ಇಲ್ಲೇ ಇರುವ ಹಕ್ಕಿಗಳ ಸಂಸಾರ ಶುರುವಾಗುತ್ತದೆ. ಹಳದಿ ಕೊಕ್ಕಿನ ನದಿ ರೀವ ಗೂಡು ಕಟ್ಟುವುದಿಲ್ಲ. ಮಾರ್ಚಿನಿಂದ ಮೇವರೆಗೆ, ನೀರು ಇಳಿದು ತಲೆ ಎತ್ತಿದ ಮರಳು ದಿಬ್ಬದ ಮೇಲೆ ಕಾಲಿನಿಂದ ಒಂದು ಸಣ್ಣ ಗುಳಿ ಕೆದರಿ, ಅದರಲ್ಲೇ ಎರಡು ಮೂರು ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಮರಳಿನದೇ, ಮೇಲೆ ಕಂದು ಚುಕ್ಕೆ. ಎರಡು ಮಾರು ದೂರದಿಂದ ನೋಡಿದರೆ ಮನುಷ್ಯನ ಕಣ್ಣಿಗೆ ಬೀಳುವುದಿಲ್ಲ, ಜೆಸಿಬಿಯ ಸೀಟಿನಿಂದ ಕಾಣುವ ಮಾತೇ ಇಲ್ಲ. ಮರಿ ಕೂಡ ಅಪಾಯ ಕಂಡರೆ ಓಡುವುದಿಲ್ಲ, ನೆಲಕ್ಕೆ ಅಂಟಿಕೊಂಡು ಕೂತುಬಿಡುತ್ತದೆ. ನರಿ, ಕಾಗೆಗಳ ಎದುರು ಸಾವಿರಾರು ವರ್ಷ ಕೆಲಸ ಮಾಡಿದ ಈ ಉಪಾಯ ಚಕ್ರದ ಎದುರು ಕೆಲಸಕ್ಕೆ ಬಾರದು.

ಹಾಗಾಗಿ ನಾಥಸಾಗರದ ಹಿನ್ನೀರಿನ ತಲೆಯಲ್ಲಿ ಯಾರಿಗೂ ತೊಂದರೆಯಾಗದ ತಿಂಗಳು ಎಂಬುದಿಲ್ಲ. ಕಾಲವನ್ನು ಹೊಂದಿಸಿಕೊಂಡರೆ ಸಾಲದು, ಜಾಗವನ್ನೇ ಬಿಟ್ಟುಕೊಡಬೇಕಾಗುತ್ತದೆ.

ಹೂಳೇ ಕಟ್ಟಿದ ಪಕ್ಷಿಧಾಮ

ಹೂಳನ್ನು ಬರೀ ಕಸ ಎಂದು ನೋಡುವವರು ಒಮ್ಮೆ ಹೊಳೆಯ ಮೇಲಕ್ಕೆ, ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿಗೆ ಹೋಗಿ ಬರಬೇಕು. ಗೋದಾವರಿಯೂ ಕಡ್ವಾ ನದಿಯೂ ಕೂಡುವಲ್ಲಿ ಬ್ರಿಟಿಷರು 20ನೇ ಶತಮಾನದ ಆರಂಭದಲ್ಲಿ ನೀರಾವರಿಗಾಗಿ ಒಂದು ಒಡ್ಡು ಕಟ್ಟಿದರು. ಒಡ್ಡಿನ ಹಿಂದೆ ವರ್ಷ ವರ್ಷವೂ ಹೂಳು ತುಂಬಿತು. ನೀರು ಕಡಿಮೆಯಾಗುತ್ತ ಬಂತು; ನಡುಗಡ್ಡೆ, ಜೊಂಡು, ಕೆಸರು, ಸಣ್ಣ ಮಡುಗಳು ಹುಟ್ಟಿಕೊಂಡವು. ನೀರಾವರಿ ಎಂಜಿನಿಯರರ ಕಣ್ಣಿಗೆ ಅದು ನಷ್ಟ. ಅದೇ ನಷ್ಟದಿಂದ ಹುಟ್ಟಿದ್ದು ನಂದೂರ್ ಮಧ್ಮೇಶ್ವರ ಪಕ್ಷಿಧಾಮ. 'ಮಹಾರಾಷ್ಟ್ರದ ಭರತ್‌ಪುರ' ಎಂದು ಜನ ಕರೆಯುವ ಈ ಜಾಗ 2020ರ ಜನವರಿಯಲ್ಲಿ ಆ ರಾಜ್ಯದ ಮೊದಲ ರಾಮ್‌ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲ, ಎಂದು ಘೋಷಣೆಯಾಯಿತು. ಸುಮಾರು 1,437 ಹೆಕ್ಟೇರಿನ ಈ ತಾಣದಲ್ಲಿ ದಾಖಲಾದ ಜೀವಿಗಳು 536 ಬಗೆಯವು. ಅಳಿವಿನ ಅಂಚಿನಲ್ಲಿರುವ ದೇವಳಾಲಿ ಮಿನ್ನೊ ಎಂಬ ಸಣ್ಣ ಮೀನೂ ಅವುಗಳಲ್ಲಿ ಒಂದು.

ಹಾಗೆಂದು ಅಲ್ಲಿ ಎಲ್ಲವೂ ಸುಖವಾಗಿಲ್ಲ. ನಾಸಿಕ್ ನಗರದಿಂದ ಬರುವ ಕೊಳಚೆಗೆ ಅಂತರಗಂಗೆ ಕಳೆ ಹಬ್ಬುತ್ತದೆ. ಜೋರು ಮಳೆಯ ವರ್ಷ ಒಡ್ಡಿನ ಮೇಲ್ಭಾಗದ ಸಾಯಖೇಡಾ, ಚಾಂದೋರಿಯಂಥ ಊರುಗಳಿಗೆ ಪ್ರವಾಹ ನುಗ್ಗುತ್ತದೆ. ಹೂಳು ತೆಗೆಯಿರಿ ಎಂದು ಆ ಭಾಗದ ರೈತರು ಕೇಳುವುದರಲ್ಲಿ ತಪ್ಪು ಹುಡುಕಲಾಗದು. ಕಬ್ಬಿನ ಹೊಲದಲ್ಲಿ ವಾರಗಟ್ಟಲೆ ನೀರು ನಿಂತ ಕಷ್ಟ ಅವರಿಗೆ ಗೊತ್ತು. ಆದರೆ ನೀರು ಹರಿದುಹೋಗುವ ಒಂದು ಕಾಲುವೆಯಷ್ಟು ಹೂಳು ತೆಗೆಯುವುದಕ್ಕೂ ಇಡೀ ತಳವನ್ನು ಬಗೆದು ಮಾರುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಿಂದ ಊರೂ ಉಳಿದೀತು, ಜೊಂಡೂ ಉಳಿದೀತು.

ಕಾನೂನಿನ ಕಿಂಡಿ

ಪಕ್ಷಿಧಾಮದಲ್ಲಿ ಗಣಿಗಾರಿಕೆ ಸಾಧ್ಯವೇ? ಸಾಧ್ಯವಿಲ್ಲ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೂ ಅವುಗಳ ಗಡಿಯಿಂದ ಒಂದು ಕಿ.ಮೀ. ವ್ಯಾಪ್ತಿಯಲ್ಲೂ ಗಣಿಗಾರಿಕೆ ಕೂಡದು ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 26ರಂದು ಮತ್ತೊಮ್ಮೆ ಖಚಿತಪಡಿಸಿತು. ಜಾಯಕವಾಡಿಯ ಸುತ್ತ 2017ರಲ್ಲೇ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಸೆಕ್ಷನ್ ಇನ್ನೂ ಬಿಗಿ: ವನ್ಯಜೀವಿಗಳ ಒಳಿತಿಗೆ ಅಗತ್ಯ ಎಂದು ಮನವರಿಕೆಯಾದ ಹೊರತು ಅಭಯಾರಣ್ಯದೊಳಗಿನ ಆವಾಸವನ್ನು ಕೆಡಿಸುವ ಕೆಲಸಕ್ಕೆ ಅನುಮತಿ ಕೊಡುವಂತಿಲ್ಲ.

ಇಷ್ಟೆಲ್ಲ ಬೇಲಿಯಲ್ಲಿ ಕಿಂಡಿ ಇರುವುದು ಬೇರೆ ಕಡೆ. ಅಣೆಕಟ್ಟೆ, ಒಡ್ಡು, ಕಾಲುವೆಗಳ ನಿರ್ವಹಣೆಗಾಗಿ ಹೂಳೆತ್ತುವ ಕೆಲಸಕ್ಕೆ ಪರಿಸರ ಅನುಮತಿ ಬೇಕಿಲ್ಲ ಎಂದು ಪರಿಸರ ಪರಿಣಾಮ ಅಧ್ಯಯನದ ನಿಯಮಗಳಿಗೆ 2016ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಊರ ಕೆರೆಯ ಹೂಳಿಗೂ ದಿಲ್ಲಿಗೆ ಕಾಗದ ಕಳಿಸಬೇಕಾದ ಕಷ್ಟ ತಪ್ಪಿಸಲು ಇಂಥ ವಿನಾಯಿತಿ ಬೇಕೇ ಬೇಕು. ಆದರೆ ಮರಳು ಮಾರಿ ದುಡ್ಡು ಮಾಡುವ ಟೆಂಡರ್ ಕೂಡ ಹೂಳೆತ್ತುವುದು ಎಂದೇ ಹೆಸರಿಟ್ಟುಕೊಂಡು ಇದೇ ಕಿಂಡಿಯಲ್ಲಿ ನುಸುಳಿದರೆ?

ಮರಳಿಗಿರುವ ಬೆಲೆಯನ್ನು ನೋಡಿದರೆ ಈ ಅನುಮಾನ ಅತಿಯಾಯಿತು ಎನ್ನಿಸುವುದಿಲ್ಲ. ಮರಳು ದಂಧೆಗೆ ಮೂಗುದಾರ ಹಾಕಲೆಂದು ಮಹಾರಾಷ್ಟ್ರ ಸರ್ಕಾರ 2023ರಲ್ಲಿ ತಾನೇ ಡಿಪೊ ತೆರೆದು ಬ್ರಾಸ್‌ಗೆ, ಅಂದರೆ 100 ಘನ ಅಡಿಗೆ, 600 ರೂಪಾಯಿಯಂತೆ ಮಾರಲು ಹೊರಟಿತು. 2025ರಲ್ಲಿ ನೀತಿ ಬದಲಾಗಿ ಮತ್ತೆ ಹರಾಜಿಗೆ ಬಂತು.

ನಾಥಸಾಗರದ ಮೇಲೆ ಕಣ್ಣಿಟ್ಟವರು ಮರಳಿನವರಷ್ಟೇ ಅಲ್ಲ. ನೀರಿನ ಮೇಲೆ ತೇಲುವ ಸೌರ ಫಲಕ ಹಾಸುವ ಟಿಎಚ್‌ಡಿಸಿ ಕಂಪನಿಯ ಯೋಜನೆಗೆ ಆಕ್ಷೇಪ ಎತ್ತಿದ ಅರ್ಜಿ ಹಸಿರು ನ್ಯಾಯಮಂಡಳಿಯಲ್ಲಿ ನಿಲ್ಲಲಿಲ್ಲ, 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲೂ ನಿಲ್ಲಲಿಲ್ಲ. ಮೇಲೊಂದು ಯೋಜನೆ, ತಳದಲ್ಲೊಂದು ಯೋಜನೆ ಎಂದಾದಾಗ ಎರಡನ್ನೂ ಒಟ್ಟಿಗೆ ಇಟ್ಟು ತೂಗುವವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಹೊಲಕ್ಕೆ ಹೋಗುವ ಮಣ್ಣು

ಸೂತ್ರದ ಇನ್ನೊಂದು ಭಾಗ ಜಮೀನು ಹಸನು ಮಾಡುವುದು. ಇದು ಹೊಸದೇನಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡುಮಣ್ಣು ಹೇರಿಕೊಂಡು ಹೋಗಿ ಹೊಲಕ್ಕೆ ಹರವುವುದು ನಮ್ಮ ಕಡೆಯೂ ಅಜ್ಜಂದಿರ ಕಾಲದ ಪದ್ಧತಿ. ಮಹಾರಾಷ್ಟ್ರ 2017ರಲ್ಲಿ 'ಗಾಳ್‌ಮುಕ್ತ ಧರಣ್, ಗಾಳ್‌ಯುಕ್ತ ಶಿವಾರ್' (ಹೂಳಿಲ್ಲದ ಅಣೆಕಟ್ಟೆ, ಹೂಳು ತುಂಬಿದ ಹೊಲ) ಎಂಬ ಯೋಜನೆಯನ್ನೇ ತಂದಿತು, 2023ರಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟಿತು. ಸಣ್ಣ ಕೆರೆ, ಪಾಝರ್ ತಲಾವ್ ಎಂಬ ಇಂಗುಕೆರೆಗಳ ಹೂಳು ಹೊಲ ಸೇರಿ, ಮೊರಂ ನೆಲದಲ್ಲಿ ಎರಡು ಬೆಳೆ ಕಂಡ ರೈತರಿದ್ದಾರೆ. ಆ ಯೋಜನೆಯ ಒಂದು ಷರತ್ತು ಗಮನಿಸಬೇಕು: ಹೂಳು ಒಯ್ಯಬಹುದು, ಮರಳು ಮುಟ್ಟುವಂತಿಲ್ಲ. ಮರಳಿನ ಆಸೆ ಹೊಕ್ಕರೆ ಕೆಲಸ ದಾರಿ ತಪ್ಪುತ್ತದೆ ಎಂಬುದು ಸರ್ಕಾರಕ್ಕೆ ಗೊತ್ತಿತ್ತು. ದೊಡ್ಡ ಜಲಾಶಯಗಳ ವಿಷಯದಲ್ಲಿ ಮಾತ್ರ ಅದೇ ಆಸೆಯೇ ಯೋಜನೆಯ ಬಂಡವಾಳವಾಗಿದೆ.

ಮಣ್ಣಿನಲ್ಲೂ ಜಾತಿ ನೋಡಬೇಕು. ಕಲ್ಲು ಗರಸಿನ ತೆಳು ನೆಲಕ್ಕೆ ಹೂಳು ಅಮೃತ. ಆಗಲೇ ಆಳವಾದ ಎರೆ ಇರುವ ಹೊಲಕ್ಕೆ ಮತ್ತೆ ಜೇಡಿ ಸುರಿದರೆ ನೀರು ಬಸಿಯದೆ ಬೇರು ಕೊಳೆಯುತ್ತದೆ. ಗೋದಾವರಿ ದಂಡೆಯ ಬಹಳಷ್ಟು ಜಮೀನು ಎರಡನೆಯ ಬಗೆಯದು. ಹೂಳು ಬೇಕಾದ ಗರಸು ನೆಲ ಇರುವುದು ದೂರದ ದಿಣ್ಣೆಗಳಲ್ಲಿ. ಅಲ್ಲಿಗೆ ಸಾಗಿಸುವ ಡೀಸೆಲ್ ಖರ್ಚು ಯಾರದು ಎಂಬುದು ಇತ್ಯರ್ಥವಾಗದಿದ್ದರೆ ಗುತ್ತಿಗೆದಾರ ಮಣ್ಣನ್ನು ಹತ್ತಿರದ ದಂಡೆಗೇ ಸುರಿದು ಹೋಗುತ್ತಾನೆ. ಮರು ಮಳೆಗಾಲಕ್ಕೆ ಅದು ಬಂದ ದಾರಿಯಲ್ಲೇ ಜಲಾಶಯಕ್ಕೆ ಇಳಿಯುತ್ತದೆ.

ಮೇಲಿನ ಬೆಟ್ಟ

ಜಾಯಕವಾಡಿಗೆ ಎಷ್ಟು ನೀರು ಬಿಡಬೇಕು ಎಂಬ ಜಗಳ ನಾಸಿಕ್, ಅಹಿಲ್ಯಾನಗರ ಮತ್ತು ಮರಾಠವಾಡದ ನಡುವೆ ಬಹಳ ಹಳೆಯದು. ಈ ನೀರು ಹಂಚಿಕೆ ಕುರಿತ ಮೇಂಢೇಗಿರಿ ಸಮಿತಿಯ ಸೂತ್ರದಂತೆ, ಅಕ್ಟೋಬರ್ ಮಧ್ಯಕ್ಕೆ ಜಾಯಕವಾಡಿ ಶೇ 65ರಷ್ಟು ತುಂಬದಿದ್ದರೆ ಮೇಲಿನ ಅಣೆಕಟ್ಟೆಗಳು ನೀರು ಬಿಡಬೇಕು. 2023ರಲ್ಲಿ ಹಾಗೆ 8.6 ಟಿಎಂಸಿ ಬಿಡಲು ಆದೇಶವಾದಾಗ ಎರಡೂ ಕಡೆ ಬೀದಿ ಹೋರಾಟ ನಡೆಯಿತು. ನೀರಿಗೆ ಇಷ್ಟು ಬಿಗಿಯಾದ ಲೆಕ್ಕ ಇದೆ. ಅದೇ ನೀರು ಹೊತ್ತು ತರುವ ಮಣ್ಣಿಗೆ ಇಂಥ ಯಾವ ಲೆಕ್ಕವೂ ಇಲ್ಲ.

ಮಣ್ಣು ಬರುವುದು ಜಲಾನಯನದ ಹೊಲಗಳಿಂದ ಮತ್ತು ಬೆಟ್ಟಗಳಿಂದ. ಗೋದಾವರಿ ಹುಟ್ಟುವ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯ ಬುಡದಲ್ಲೇ ಗುಡ್ಡ ಅಗೆಯುತ್ತಿರುವುದರ ವಿರುದ್ಧ 2021ರಲ್ಲಿ ನಾಸಿಕ್‌ನ ಪರಿಸರಾಸಕ್ತರು ದನಿ ಎತ್ತಬೇಕಾಯಿತು. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳಲ್ಲಿ ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ ನಿಷೇಧಿಸುವ ಕರಡು ಅಧಿಸೂಚನೆ 2024ರ ಜುಲೈನಲ್ಲಿ ಆರನೇ ಸಲ ಹೊರಬಿತ್ತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಂಪುಟ ಆ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಬೆಟ್ಟ ಅಗೆಯಲು ಬಿಟ್ಟು ಕೆಳಗೆ ಹೂಳು ತೆಗೆಯುವುದು ಮುಗಿಯದ ಗುತ್ತಿಗೆ.

ತುಂಗಭದ್ರೆಯ ಕಡೆಯಿಂದ ನೋಡಿದರೆ

ಈ ಕಥೆ ಕನ್ನಡದ ಓದುಗರಿಗೆ ದೂರದ್ದಲ್ಲ. 133 ಟಿಎಂಸಿ ಎಂದು ಕಟ್ಟಿದ ತುಂಗಭದ್ರಾ ಜಲಾಶಯವನ್ನು ಈಗ 105.788 ಟಿಎಂಸಿ ಎಂದು ಲೆಕ್ಕ ಹಿಡಿಯುತ್ತೇವೆ. 27 ಟಿಎಂಸಿಯಷ್ಟು ಜಾಗವನ್ನು ಹೂಳು ನುಂಗಿದೆ. 2017ರ ಬೇಸಿಗೆಯಲ್ಲಿ ರೈತರೇ ಯಂತ್ರ ತಂದು ಹೂಳಿನ ಜಾತ್ರೆ ನಡೆಸಿದರು. ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಮಾತು ಹುಟ್ಟಿದ್ದೂ ಈ ನಷ್ಟದಿಂದಲೇ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ 2024ರಲ್ಲಿ ರಾಮ್‌ಸಾರ್ ಪಟ್ಟಿ ಸೇರಿತು. ಅದು ತುಂಗಭದ್ರೆಯ ಹಿನ್ನೀರಿಗೆ ಹತ್ತಿರದ ಕೆರೆ. ನಾಳೆ ನಮ್ಮಲ್ಲೂ ಮರಳಿನ ದುಡ್ಡಿನಲ್ಲಿ ಹೂಳು ತೆಗೆಯುವ ಸೂತ್ರ ಬಂದರೆ ಆಶ್ಚರ್ಯವಿಲ್ಲ.

ಆಗ ಕೇಳಬೇಕಾದದ್ದು ಕಷ್ಟದ ಪ್ರಶ್ನೆಗಳೇನಲ್ಲ. ಜಲಾಶಯದ ತಳದ ಸರ್ವೆ ನಡೆದಿದೆಯೇ? ಎಲ್ಲಿ ಮರಳು, ಎಲ್ಲಿ ಜೇಡಿ, ಎಷ್ಟು ಆಳಕ್ಕೆ ಎಂಬ ನಕ್ಷೆ ಇದೆಯೇ? ಹಕ್ಕಿ ಇಳಿಯುವ, ಗಾಳಪೇರ್ ಬಿತ್ತುವ, ಮೀನು ಮೊಟ್ಟೆಯಿಡುವ ಅಂಚನ್ನು ಆ ನಕ್ಷೆಯಲ್ಲಿ ಮೊದಲೇ ಬಿಟ್ಟು ಗೆರೆ ಎಳೆದಿದ್ದಾರೆಯೇ? ಗುತ್ತಿಗೆದಾರನಿಗೆ ಹಣ ಮರಳಿನ ಬ್ರಾಸ್ ಲೆಕ್ಕದಲ್ಲಿ ಸಿಗುತ್ತದೋ, ಜಲಾಶಯಕ್ಕೆ ಹೆಚ್ಚಾದ ನೀರಿನ ಲೆಕ್ಕದಲ್ಲೋ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಉಳಿದೆಲ್ಲವನ್ನೂ ಹೇಳಿಬಿಡುತ್ತದೆ. ಏರಿಯ ಬಳಿಯ ಜೇಡಿ ತೆಗೆದು ಸಂಗ್ರಹ ಹೆಚ್ಚಿಸಿದವನಿಗೆ ದುಡ್ಡು ಕೊಡುವುದಾದರೆ ಅದು ಹೂಳೆತ್ತುವ ಕೆಲಸ. ಬೊಕ್ಕಸಕ್ಕೆ ಖರ್ಚು ಬರುತ್ತದೆ, ಬರಲಿ. ಮರಾಠವಾಡದ ಬಾಯಾರಿಕೆಗೆ ಸರ್ಕಾರ ಖರ್ಚು ಮಾಡುವುದು ನ್ಯಾಯವೇ. ಮರಳು ಮಾರಿದಷ್ಟೂ ಲಾಭ ಎಂದಾದರೆ ಅದು ಮರಳು ಗಣಿ. ಅದಕ್ಕೆ ಗಣಿಯ ಕಾನೂನೇ ಅನ್ವಯಿಸಬೇಕು, ಮತ್ತು ಆ ಕಾನೂನಿನಲ್ಲಿ ಪಕ್ಷಿಧಾಮದೊಳಗೆ ಅದಕ್ಕೆ ಜಾಗವಿಲ್ಲ.